ಹಣದ ಪಾಠವೂ ಕಲಿತವರ ಮಾತೂ

ವಾಚಕ ಸೋದರಿಯೊಬ್ಬರು ನಮಗೊಂದು ಪ್ರಶ್ನೆಯನ್ನು ಕಳುಹಿಸಿರುವರು. ಕಂಪೆನಿಗಳ ಹಣಕಾಸನ್ನು ಕುರಿತ ಮೊದಲ ಪಾಠವನ್ನು ಅಂತರ್ಜಾಲದ ಮೂಲಕ ಮನೆಯಲ್ಲಿಯೇ ಕುಳಿತು ಕಲಿಯಬೇಕೆಂದು ಅವರಿಗೆ ಆಸೆ. ಆದರೆ ಕಲಿತವರ ಅಭಿಪ್ರಾಯಗಳನ್ನು ಓದಿದರೆ ಒಬ್ಬರು ‘ಬಹು ಸುಲಭ’ವೆನ್ನುವರು, ಮತ್ತೊಬ್ಬರು ‘ತಲೆ ಕೆಟ್ಟುಹೋಯಿತು’ ಎನ್ನುವರು. ಯಾರ ಮಾತನ್ನು ನಂಬಬೇಕು? ಅದಿರಲಿ, ಮನೆ ನಡೆಸುವವಳಿಗೆ ಕಂಪೆನಿಯ ಲೆಕ್ಕದಿಂದ ಆಗಬೇಕಾದುದಾದರೂ ಏನು?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುವೆವು. ಇಂಥ ಪಾಠಗಳಲ್ಲಿ ಹೆಸರಾದುದು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಕ್ಕೆ ಸೇರಿದ ವಾರ್ಟನ್ ಶಾಲೆಯದು. ಆ ಶಾಲೆ ಹುಟ್ಟಿದ್ದು 1881ರಲ್ಲಿ. ಅದರ ಪಾಠವನ್ನು ಲೋಕಕ್ಕೆಲ್ಲ ತಲುಪಿಸುತ್ತಿರುವ ಕೋರ್ಸೆರಾ ಹುಟ್ಟಿದ್ದು 2012ರಲ್ಲಿ. ಪಾಠದಲ್ಲಿ ನಾಲ್ಕು ಭಾಗಗಳು: ಹಣಕ್ಕೂ ಕಾಲಕ್ಕೂ ಇರುವ ಸಂಬಂಧ, ಬಡ್ಡಿಯ ದರ, ಮುಂದೆ ಬರತಕ್ಕ ಹಣವನ್ನು ಇಂದಿನ ಬೆಲೆಗೆ ಇಳಿಸಿ ನಿರ್ಣಯ ಮಾಡುವ ಕ್ರಮ, ಹೂಡಿದ ಹಣದ ಪ್ರತಿಫಲ. ಹೆಸರು ಕಂಪೆನಿಯದಾದರೂ ತತ್ತ್ವ ಒಂದೇ. ಇಂದಿನ ರೂಪಾಯಿಯೂ ಮುಂದಿನ ವರ್ಷದ ರೂಪಾಯಿಯೂ ಸಮವಲ್ಲ. ಬಡ್ಡಿ ನೂರಕ್ಕೆ ಹತ್ತಾದರೆ, ಬರುವ ವರ್ಷ ಕೈಸೇರುವ 1,10,000 ರೂಪಾಯಿಗೆ ಇಂದಿನ ಬೆಲೆ ಒಂದು ಲಕ್ಷ ಮಾತ್ರ.

ಇದು ನಮಗೆ ಹೊಸದೇನೂ ಅಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರ ಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳನ್ನು ವಿಸ್ತಾರವಾಗಿ ಬಿಡಿಸಿ ತೋರಿಸಿರುವನು. ಯೂರೋಪಿನಲ್ಲಿ ಸೈಮನ್ ಸ್ಟೆವಿನ್ ಎಂಬ ಗಣಿತಜ್ಞನು 1582ರಲ್ಲಿ ಬಡ್ಡಿಯ ಕೋಷ್ಟಕಗಳನ್ನು ಅಚ್ಚು ಹಾಕಿಸಿದನು. ಅದುವರೆಗೆ ಸಾಹುಕಾರರು ಅಂಥ ಕೋಷ್ಟಕಗಳನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರಂತೆ. ಸಾಲ ಕೊಡುವವನು ಬಲ್ಲ ಲೆಕ್ಕವನ್ನು ಸಾಲ ತರುವವನೂ ಬಲ್ಲವನಾಗಬೇಕಲ್ಲವೆ? ಮನೆಗೆ ಈ ಪಾಠದಿಂದಾಗುವ ಪ್ರಯೋಜನ ಇದೇ.

ಇನ್ನು ಅಭಿಪ್ರಾಯಗಳ ಮಾತು. ನಮ್ಮ ಪರಿಚಯದ ಮೂವರು ಇದೇ ಬಗೆಯ ಪಾಠವೊಂದಕ್ಕೆ ಸೇರಿದ್ದರು. ಅದು ಯಾವ ಶಾಲೆಯದೆಂಬುದು ಇಲ್ಲಿ ಬೇಡ. ಮೊದಲನೆಯವರು ಇಂಜಿನಿಯರು. ನಾಲ್ಕು ವಾರಗಳ ಪಾಠವನ್ನು ನಾಲ್ಕು ಸಂಜೆಗಳಲ್ಲಿ ಮುಗಿಸಿ, ‘ಚೆನ್ನಾಗಿದೆ, ಏನೂ ಕಷ್ಟವಿಲ್ಲ’ ಎಂದರು. ಎರಡನೆಯವರು ಲೆಕ್ಕಪತ್ರದ ಕಛೇರಿಯಲ್ಲಿರುವ ತರುಣಿ. ಆಕೆಗೆ ಅಸಮಾಧಾನ: ‘ಬರೀ ಸೂತ್ರಗಳು, ಆಸ್ತಿ-ಹೊಣೆಯ ಪಟ್ಟಿಯ ಸುದ್ದಿಯೇ ಇಲ್ಲ.’ ಮೂರನೆಯವರು ಹಪ್ಪಳ ಸಂಡಿಗೆ ಮಾಡಿ ಮಾರುವ ನಮ್ಮ ನೆರೆಯ ಗೃಹಿಣಿ. ಅವರ ದೂರು ಎಲ್ಲಕ್ಕಿಂತ ತೀವ್ರವಾದುದು: ‘ಪಾಠ ಹೇಳುವಾಗ ಬೆಣ್ಣೆಯ ಹಾಗೆ ಇಳಿಯುತ್ತದೆ, ವಾರದ ಕೊನೆಯ ಪ್ರಶ್ನೆಗಳು ಮಾತ್ರ ಕಬ್ಬಿಣದ ಕಡಲೆ. ಹೇಳಿಕೊಟ್ಟದ್ದು ಒಂದು, ಕೇಳುವುದು ಇನ್ನೊಂದು.’

ಮೂವರ ಮಾತೂ ಸುಳ್ಳಲ್ಲ. ಇಂಜಿನಿಯರು ಗಣಿತವನ್ನು ಮೊದಲೇ ಬಲ್ಲವರು. ತರುಣಿ ಹುಡುಕಿದ್ದು ಬೇರೊಂದು ವಿದ್ಯೆಯನ್ನು: ನಡೆದುಹೋದುದನ್ನು ಬರೆದಿಡುವುದು ಲೆಕ್ಕಪತ್ರ, ಮುಂದೆ ನಡೆಯತಕ್ಕುದನ್ನು ತೂಗಿನೋಡುವುದು ಹಣಕಾಸು. ಒಬ್ಬೊಬ್ಬರೂ ಪಾಠವನ್ನು ಕುರಿತು ಹೇಳಿದಷ್ಟೇ ತಮ್ಮನ್ನು ಕುರಿತೂ ಹೇಳಿಕೊಂಡಿರುವರು. ಆದರೆ ನೆರೆಯಾಕೆಯ ದೂರಿನ ಕಥೆ ಇನ್ನೂ ಉಂಟು.

ಆಕೆಯ ಪತಿ ಆಗತಾನೆ ನಿವೃತ್ತರಾಗಿದ್ದರು. ಬಂದ ಹಣದಲ್ಲಿ 60,000 ರೂಪಾಯಿ ಕೊಟ್ಟು ಹಪ್ಪಳದ ಯಂತ್ರವೊಂದನ್ನು ಕೊಳ್ಳಬೇಕೆಂಬ ಯೋಚನೆ ಮನೆಯಲ್ಲಿ ನಡೆದಿತ್ತು. ಖರ್ಚು ಕಳೆದು ವರ್ಷಕ್ಕೆ 15,000ದಂತೆ ಐದು ವರ್ಷ ಬರಬಹುದು; ಆಮೇಲೆ ಯಂತ್ರ ಗುಜರಿಗೆ. ಪತಿಯ ಲೆಕ್ಕ ಬಾಯಿಲೆಕ್ಕ: ಐದು ಹದಿನೈದಲ 75,000, ಲಾಭ 15,000. ಈಕೆ ಹೊಸದಾಗಿ ಕಲಿತ ಸೂತ್ರವನ್ನು ಹಿಡಿದು, ನೂರಕ್ಕೆ ಹತ್ತರ ದರದಲ್ಲಿ ಎಲ್ಲವನ್ನೂ ಇಂದಿನ ಬೆಲೆಗೆ ಇಳಿಸಿದರು, 62,548 ಬಂತು. ಲಾಭ ಕಡಿಮೆಯಾದರೂ ನಷ್ಟವಿಲ್ಲವೆಂದು ಅವರೂ ಒಪ್ಪಿದರು.

ಅದೇ ವಾರ ಪರೀಕ್ಷೆಯ ಪ್ರಶ್ನೆಯೊಂದರಲ್ಲಿ ಅವರ ಉತ್ತರ ತಪ್ಪಾಯಿತು. ಮತ್ತೆ ಮಾಡಿದರು, ಮತ್ತೂ ತಪ್ಪು. ಸಿಟ್ಟಾಗಿ ಎರಡು ದಿನ ಆ ಕಡೆಗೇ ಹೋಗಲಿಲ್ಲವಂತೆ. ಮೂರನೆಯ ದಿನ ಕಾಗದದ ಮೇಲೆ ಗೆರೆ ಎಳೆದು, ಇಂದು ಎಂಬಲ್ಲಿ ಸೊನ್ನೆ, ವರ್ಷಕ್ಕೊಂದು ಗುರುತು ಹಾಕಿ ನೋಡಿದಾಗ ತಪ್ಪು ಹೊಳೆಯಿತು. ಮೊದಲ ಕಂತು ವರ್ಷದ ಕೊನೆಗೆ ಬರುವುದೆಂದು ಪ್ರಶ್ನೆಯಲ್ಲಿದ್ದರೆ, ಅದು ಇಂದೇ ಬಂದಂತೆ ಇವರು ಎಣಿಸಿದ್ದರು. ಕೂಡಲೇ ಅವರಿಗೆ ಯಂತ್ರದ ನೆನಪಾಯಿತು. ಸಗಟು ಅಂಗಡಿಯವರು ಹಣ ಕೊಡುವುದೂ ವರ್ಷದ ಲೆಕ್ಕ ಮುಗಿದ ಮೇಲೆಯೇ ಅಲ್ಲವೆ? ಹಳೆಯ ಪುಸ್ತಕ ತೆಗೆದು ಮತ್ತೆ ಲೆಕ್ಕ ಹಾಕಿದರು. ಮೊದಲ ವರ್ಷದ 15,000ಕ್ಕೆ ಇಂದಿನ ಬೆಲೆ 13,636, ಎರಡನೆಯದಕ್ಕೆ 12,397, ಹೀಗೆ ಇಳಿಯುತ್ತ ಐದನೆಯದಕ್ಕೆ 9,314. ಒಟ್ಟು 56,862. ಕೊಡಬೇಕಾದುದು 60,000. ಲಾಭವೆಂದು ಕಂಡದ್ದು ಮೂರು ಸಾವಿರಕ್ಕೂ ಮೀರಿದ ನಷ್ಟವಾಗಿತ್ತು.

ಯಂತ್ರ ಕೊಳ್ಳುವುದು ನಿಂತಿತು. ‘ನಮ್ಮವರಿಗೆ ಈಗಲೂ ನಂಬಿಕೆಯಿಲ್ಲ, ಕೂಡಿದರೆ ಎಪ್ಪತ್ತೈದು ಸಾವಿರ ಬರುತ್ತದಲ್ಲ ಅನ್ನುತ್ತಾರೆ’ ಎಂದು ಆಕೆ ನಕ್ಕರು. ಪಾಠವನ್ನು ಅವರು ಪೂರ್ತಿ ಮುಗಿಸಲಿಲ್ಲ, ಪ್ರಮಾಣಪತ್ರ ದೊರೆಯಲಿಲ್ಲ. ಪ್ರಶ್ನೆಗಳು ಅನ್ಯಾಯವೆಂಬ ತಮ್ಮ ಅಭಿಪ್ರಾಯವನ್ನೂ ಬದಲಿಸಿಲ್ಲ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಹೇಳಿಕೊಡುವುದಕ್ಕೂ ಕೇಳುವುದಕ್ಕೂ ನಡುವೆ ಬಿಡಿಸಿ ತೋರಿಸಿದ ಲೆಕ್ಕಗಳು ಇನ್ನಷ್ಟು ಇದ್ದಿದ್ದರೆ ಆಕೆಯ ಎರಡು ದಿನಗಳು ಉಳಿಯುತ್ತಿದ್ದವು. ಆದರೂ ಆಕೆ ದೂರಿದ ಆ ಪ್ರಶ್ನೆಯೇ ಮನೆಯ ಹಣವನ್ನು ಕಾಯಿತೆಂಬುದನ್ನು ಮರೆಯಲಾಗದು.

ಬರೆದಿಟ್ಟ ಅಭಿಪ್ರಾಯಗಳನ್ನು ಓದುವಾಗ ಇನ್ನೊಂದನ್ನು ನೆನಪಿಡತಕ್ಕುದು. ಸಾಮಾನ್ಯವಾಗಿ ಅಭಿಪ್ರಾಯ ಬರೆಯುವವರು ಕೊನೆ ಮುಟ್ಟಿದವರು. ನಡುದಾರಿಯಲ್ಲಿ ಬಿಟ್ಟವರು ಮಾತಾಡದೆ ಹೊರಟುಹೋಗುವರು. ಹಾರ್ವರ್ಡ್ ಮತ್ತು ಎಂ.ಐ.ಟಿ. ವಿದ್ಯಾಲಯಗಳು ಎಡೆಕ್ಸ್ ಮೂಲಕ ನಡೆಸಿದ ಪಾಠಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವರದಿಯೊಂದರಂತೆ, 2017–18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಸುಮಾರು ಮೂವರು. ನೂರು ಮಂದಿ ನಡೆದ ದಾರಿಯ ಸುದ್ದಿಯನ್ನು ಊರು ಸೇರಿದ ಮೂವರಿಂದಲೇ ಕೇಳಿದರೆ ದಾರಿಯಲ್ಲಿ ಮುಳ್ಳೇ ಇಲ್ಲವೆಂದು ತೋರುವುದು ಸಹಜ. ಆದುದರಿಂದ ‘ಸುಲಭವೇ?’ ಎಂದು ಕೇಳುವುದಕ್ಕಿಂತ ‘ಎಲ್ಲಿ ತಡೆದಿರಿ, ಏಕೆ ತಡೆದಿರಿ?’ ಎಂದು ಕೇಳುವುದು ಮೇಲು.

ಪ್ರಶ್ನೆ ಕಳುಹಿಸಿದ ಸೋದರಿಗೆ ನಮ್ಮ ಸಲಹೆಯಿಷ್ಟು. ಸೇರಿರಿ. ಪಕ್ಕದಲ್ಲಿ ಪುಸ್ತಕವೂ ಸೀಸದಕಡ್ಡಿಯೂ ಇರಲಿ; ಬರಿದೆ ಕೇಳಿದ ಪಾಠ ಬರಿದೆ ನೋಡಿದ ಅಡುಗೆಯಂತೆ. ತಿಂಗಳ ಕಂತಿಗೆ ವರ್ಷದ ದರ ಹಚ್ಚುವ ತಪ್ಪಿನಿಂದ ಎಚ್ಚರವಾಗಿರಿ. ಉತ್ತರ ತಪ್ಪಾದಾಗ ಗೆರೆ ಎಳೆದು, ಹಣ ಎಂದು ಬರುವುದು, ಎಂದು ಹೋಗುವುದೆಂದು ಗುರುತಿಸಿರಿ.

ಸೇರುವ ಮುನ್ನ ಈ ಲೆಕ್ಕವನ್ನು ನೋಡಿರಿ. ಒಂದು ಲಕ್ಷ ರೂಪಾಯಿ ಸಾಲ, ಎರಡು ವರ್ಷ, ‘ಫ್ಲಾಟ್’ ಬಡ್ಡಿ ನೂರಕ್ಕೆ ಹತ್ತು. ಬಡ್ಡಿ 20,000 ಸೇರಿ ತಿಂಗಳಿಗೆ 5,000ದಂತೆ 24 ಕಂತು. ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿಯನ್ನು ಮಾತ್ರ ಕೊನೆಯವರೆಗೆ ಇಡೀ ಲಕ್ಷದ ಮೇಲೆಯೇ ಹಾಕಿರುವರು. ನಿಜವಾಗಿ ತೆರುವ ದರ ತಿಂಗಳಿಗೆ ನೂರಕ್ಕೆ ಒಂದೂವರೆ, ವರ್ಷಕ್ಕೆ ಹದಿನೆಂಟರ ಮೇಲೆ. ಇದು ಹೇಗೆಂದು ತಾವೇ ಬಿಡಿಸುವಷ್ಟು ಕಲಿತ ದಿನ ತಮ್ಮ ಅಭಿಪ್ರಾಯವನ್ನು ನಮಗೂ ಬರೆದು ತಿಳಿಸಿರಿ. ಎಲ್ಲಿ ತಡೆದಿರೆಂಬುದನ್ನೂ ಮರೆಯದೆ ಬರೆಯಿರಿ.