ಸೀಮಂತ ಲೋಕಕ್ಕೆಲ್ಲ, ನೀರಿನ ಸಭೆ ಗ್ರೂಪ್‌ನವರಿಗೆ ಮಾತ್ರ

ನಮ್ಮ ದಾವಣಗೆರೆಯ ಆವರಗೆರೆಯ ಹೆಣ್ಣುಮಗಳೊಬ್ಬಳ ಸೀಮಂತಕ್ಕೆ ಎಲ್ಲಿಯವರೋ ಏನೋ, ‘ಆಸಕ್ತಿ ಇದೆ’ ಎಂದು ಒತ್ತಿದ್ದನ್ನು ಈ ವಾರ ನೋಡಿ ಸಿಟ್ಟು ನೆತ್ತಿಗೇರಿತು. ಹುಡುಗಿಯ ತಮ್ಮ ಸಂಭ್ರಮದಲ್ಲಿ ಫೇಸ್‌ಬುಕ್‌ನಲ್ಲಿ ಈವೆಂಟ್ ಮಾಡಿದ್ದಾನೆ. ದಿನ, ಹೊತ್ತು, ಮನೆ ಬಾಗಿಲಿಗೇ ತಂದು ನಿಲ್ಲಿಸುವ ಮ್ಯಾಪು, ಹಸಿರು ಸೀರೆಯುಟ್ಟ ಅಕ್ಕನ ಫೋಟೊ, ಎಲ್ಲ ಇದೆ. ಅದು ಪಬ್ಲಿಕ್ ಆಗಿಬಿಟ್ಟಿದೆ ಎಂಬುದು ಅವನಿಗೆ ಹೊಳೆದಿಲ್ಲ. ಕೆಳಗೆ ಸಾಲ ಕೊಡಿಸುವವನೊಬ್ಬ ತನ್ನ ನಂಬರ್ ಹಾಕಿದ್ದಾನೆ. ಇನ್ನೊಬ್ಬ ಆಕೆಯ ಫೋಟೊ ಕುರಿತು ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಹುಡುಗಿಯ ಅತ್ತೆ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು, ಹೆಬ್ಬೆರಳಲ್ಲಿ ಹೆಸರುಗಳನ್ನು ಸರಿಸುತ್ತಾ ಸರಿಸುತ್ತಾ ಕೇಳಿದರು: ‘ಇವ್ರೆಲ್ಲ ಯಾರು? ಇವ್ರನ್ನ ಯಾರ್ ಕರ್ದ್ರು?’

ಹರಿಹರದ ನೆಂಟರು ‘ಬರ್ತೀವಿ’ ಎಂದು ಒತ್ತಿದ್ದಾರೆ. ಅಂದು ಅವರ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದನ್ನು ಈಗ ಯಾರು ಬೇಕಾದರೂ ಓದಿ ತಿಳಿಯಬಹುದು.

ಆ ಹುಡುಗನನ್ನು ಬೈದು ಫಲವಿಲ್ಲ. ಪ್ರೈವೇಟ್ ಈವೆಂಟ್ ಆದರೆ ಕರೆಸಿಕೊಂಡವರಿಗೆ ಮಾತ್ರ ಕಾಣುತ್ತದೆ, ಪಬ್ಲಿಕ್ ಆದರೆ ಫೇಸ್‌ಬುಕ್ ಖಾತೆಯೇ ಇಲ್ಲದವರಿಗೂ ಕಾಣುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಅಡಗಿರುವುದು ಒಂದು ಪುಟ್ಟ ಆಯ್ಕೆಯಲ್ಲಿ. ಒಮ್ಮೆ ಪ್ರಕಟಿಸಿದ ಮೇಲೆ ಪಬ್ಲಿಕ್ ಇದ್ದದ್ದನ್ನು ಪ್ರೈವೇಟ್ ಮಾಡಲು ಬರುವುದಿಲ್ಲ. ಪೂರ್ತಿ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಬೇಕು. ಬಾಗಿಲು ತೆರೆದಿದೆ ಎಂದು ಗೊತ್ತಾದರೂ ಎದ್ದು ಹೋಗಿ ಚಿಲಕ ಹಾಕಲು ಬಿಡದ ಮನೆಯಲ್ಲಿ ಯಾರಾದರೂ ಮಲಗುತ್ತಾರೆಯೇ? ಹೆಚ್ಚು ಕಣ್ಣು ಬಿದ್ದಷ್ಟೂ ಜಾಹೀರಾತಿನ ಹಣ ಹೆಚ್ಚುವ ಕಂಪನಿಗೆ ಚಿಲಕದ ಚಿಂತೆ ಯಾಕೆ ಬಂದೀತು?

ಅಳಿಸಿದರೂ ಮುಗಿಯುವುದಿಲ್ಲ. ನೆದರ್ಲೆಂಡ್ಸ್‌ನ ಹಾರೆನ್ ಎಂಬ ಸಣ್ಣ ಊರಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ಹುಡುಗಿಯೊಬ್ಬಳು ತನ್ನ 16ನೇ ಹುಟ್ಟುಹಬ್ಬದ ಈವೆಂಟನ್ನು ಪ್ರೈವೇಟ್ ಮಾಡಲು ಮರೆತಳು. ಗೊತ್ತಾದ ಮೇಲೆ ಅಳಿಸಿದಳು. ಆದರೆ ಬೇರೆಯವರು ಆ ಹುಟ್ಟುಹಬ್ಬಕ್ಕೇ ಹೊಸ ಈವೆಂಟ್ ಹುಟ್ಟಿಸಿದರು. ಸಾವಿರಾರು ಜನ ನುಗ್ಗಿದರು, ಅಂಗಡಿಗಳ ಲೂಟಿಯಾಯಿತು, ಗಲಭೆ ನಿಗ್ರಹ ಪೊಲೀಸರು ಬರಬೇಕಾಯಿತು. ಮರುವರ್ಷ ತನಿಖಾ ವರದಿ ಬಂದಾಗ ರಾಜೀನಾಮೆ ಕೊಟ್ಟವರು ಊರಿನ ಮೇಯರ್. ಆಯ್ಕೆಯ ಗುಂಡಿಯನ್ನು ಹಾಗೆ ಇಟ್ಟ ಕಂಪನಿಯಲ್ಲಿ ಯಾರ ಕುರ್ಚಿಯೂ ಅಲುಗಲಿಲ್ಲ.

ಅದೆಲ್ಲೋ ದೂರದ ಮಾತು ಎನ್ನುವವರು ಕಳೆದ ವರ್ಷದ, ಅಂದರೆ 2025ರ ಜೂನ್ 4ನ್ನು ನೆನೆಯಲಿ. ಸರ್ಕಾರ ಹೈಕೋರ್ಟ್‌ಗೆ ಕೊಟ್ಟ ವರದಿಯ ಪ್ರಕಾರ, ಆರ್‌ಸಿಬಿ ಬೆಳಗ್ಗೆ 7.01ಕ್ಕೇ ಜಾಲತಾಣದಲ್ಲಿ ಜನರನ್ನು ವಿಜಯಯಾತ್ರೆಗೆ ಕರೆದಿತ್ತು. ಒಳಗೆ ಹೋಗಲು ಪಾಸ್ ಬೇಕು ಎಂಬ ಮಾತು ಬಂದದ್ದು ಮಧ್ಯಾಹ್ನ 3.14ಕ್ಕೆ. ಅಷ್ಟೊತ್ತಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕಾಲ್ತುಳಿತದಲ್ಲಿ 11 ಜೀವ ಹೋದವು. ಬೆಳಗ್ಗೆ ಎಲ್ಲರನ್ನೂ ಕರೆದು ಮಧ್ಯಾಹ್ನ ಕೆಲವರಿಗೆ ಮಾತ್ರ ಎನ್ನಲಾಗದು. ನಮ್ಮ ದಾವಣಗೆರೆಗೂ 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬಕ್ಕೆ ಲಕ್ಷಾಂತರ ಜನ ಬಂದರು, ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತವು. ಆದರೆ ಅವರು ಬರಲಿ ಎಂದೇ ಕರೆದ ಜನ. ಪೆಂಡಾಲು, ಊಟ, ಬಂದೋಬಸ್ತು ಎಲ್ಲದಕ್ಕೂ ಹೊಣೆ ಹೊತ್ತವರಿದ್ದರು.

ಎಲ್ಲರನ್ನೂ ಕರೆಯುವುದಕ್ಕೂ ಕೆಲವರನ್ನು ಮಾತ್ರ ಕರೆಯುವುದಕ್ಕೂ ಇರುವ ಅಂತರ ನಮ್ಮ ಊರಿಗೆ ಚೆನ್ನಾಗಿ ಗೊತ್ತಿತ್ತು. ಇದು ನಾಟಕ ಕಂಪನಿಗಳ ಊರು, ಪದ್ಮಶ್ರೀ ಚಿಂದೋಡಿ ಲೀಲಾ ಅವರ ಊರು. ಕಂಪನಿ ಕ್ಯಾಂಪ್ ಹಾಕಿತೆಂದರೆ ಮೈಕು ಕಟ್ಟಿದ ಗಾಡಿ ಓಣಿ ಓಣಿ ತಿರುಗುತ್ತಿತ್ತು. ಗುಲಾಬಿ, ಹಳದಿ ಹ್ಯಾಂಡ್‌ಬಿಲ್‌ಗಳು ಗಾಳಿಯಲ್ಲಿ ಹಾರುತ್ತಿದ್ದವು, ಹುಡುಗರು ಧೂಳಲ್ಲೇ ಹಿಂದೆ ಓಡುತ್ತಿದ್ದರು. ಓದು ಬಾರದವರಿಗೆ ಮೈಕು, ಕಿವಿ ಮಂದವಾದವರಿಗೆ ಚೀಟಿ. ಯಾರನ್ನೂ ಬಿಡುವಂತಿರಲಿಲ್ಲ. ಮನೆಯ ಕಾರ್ಯವಾದರೆ ಅಕ್ಷತೆ ಹಿಡಿದು ಬಾಗಿಲಿಗೆ ಬಂದು, ಕುಂಕುಮ ಹಚ್ಚಿ, ‘ಮನೆಮಂದಿಯೆಲ್ಲ ಬರ್ರಿ’ ಎಂದೋ ‘ಮನೆಗೊಬ್ರು ಬರ್ರಿ’ ಎಂದೋ ಸ್ಪಷ್ಟವಾಗಿ ಹೇಳುತ್ತಿದ್ದರು. ಯಾರೂ ಮಗಳ ಸೀಮಂತವನ್ನು ಮೈಕಿನಲ್ಲಿ ಕೂಗಿಸಲಿಲ್ಲ. ಯಾವ ಕಂಪನಿಯೂ ನಾಟಕದ ಸುದ್ದಿಯನ್ನು ನಾಲ್ಕು ಮನೆಗೆ ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಆ ಅಂತರ ಈಗಲೂ ಉಳಿಯಬೇಕಾದರೆ, ಈವೆಂಟ್ ಮಾಡುವವರ ಮುಂದೆ ಫೇಸ್‌ಬುಕ್ ಮೊದಲು ಪ್ರೈವೇಟ್ ಇಡಲಿ, ಲೋಕಕ್ಕೆಲ್ಲ ತೋರಿಸುವ ಮುನ್ನ ಅಚ್ಚ ಕನ್ನಡದಲ್ಲಿ ಮತ್ತೊಮ್ಮೆ ಕೇಳಲಿ, ಮನಸ್ಸು ಬದಲಾದರೆ ಮುಚ್ಚಲು ಬಿಡಲಿ. ನಾನು ಕೇಳುತ್ತಿರುವುದು ಇಷ್ಟೇ.

ಆದರೆ ನನ್ನ ಹೊಟ್ಟೆ ಹೆಚ್ಚು ಉರಿದದ್ದು ಇದರ ತಿರುವುಮುರುವು ನಡೆದಾಗ. ಇದೇ ವಾರ ನಮ್ಮ ಕಡೆ ಕುಡಿಯುವ ನೀರು, ಚರಂಡಿ ಕುರಿತು ‘ಸಾರ್ವಜನಿಕ ಸಭೆ’ಯೊಂದು ನಡೆದುಹೋಯಿತು. ಕರೆದದ್ದು ಒಂದು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ. ಈಗ ಗ್ರೂಪ್‌ನೊಳಗೇ ಈವೆಂಟ್ ಮಾಡಬಹುದು. ದಿನ, ಜಾಗ ಹಾಕಿದರೆ ಬರುವವರು ಒತ್ತುತ್ತಾರೆ. ಗೆಳೆಯರ ಪ್ರವಾಸಕ್ಕೆ ಬಹಳ ಒಳ್ಳೆಯದು. ಆದರೆ ಗ್ರೂಪ್‌ನ ಆಚೆ ಅದು ಯಾರಿಗೂ ಕಾಣದು. ಗ್ರೂಪ್‌ಗೆ 1,024 ಮಂದಿಯ ಮಿತಿ, ಯಾರನ್ನು ಸೇರಿಸಬೇಕು ಎಂಬುದು ಅಡ್ಮಿನ್ ಮರ್ಜಿ. ನಾಗರಿಕರ ಹಕ್ಕು ಅಡ್ಮಿನ್ ಬೆರಳಿನ ತುದಿಯಲ್ಲಿ ಯಾಕಿರಬೇಕು? ಬಸ್ ಸ್ಟಾಪಿನ ಗೋಡೆಗೆ ಒಂದು ಚೀಟಿ ಅಂಟಿಸಲು, ಆಟೊಗೆ ಮೈಕು ಕಟ್ಟಲು ಏನು ಕಷ್ಟವಿತ್ತು?

ನಮ್ಮ ಓಣಿಗೆ ಹಾಲು ಹಾಕುವ ಹೆಣ್ಣುಮಗಳ ಮನೆ ಪೈಪ್‌ಲೈನಿನ ಕಟ್ಟಕಡೆಗಿದೆ. ನಲ್ಲಿಯ ಕೆಳಗೆ ಕೊಡ ಇಟ್ಟು ರಾತ್ರಿ ಎದ್ದು ಕೂರುವವಳು ಅವಳು. ಸಭೆ ನಡೆದದ್ದು ಅವಳಿಗೆ ತಿಳಿದದ್ದು ಮರುದಿನ, ಅದೂ ನನ್ನಿಂದ. ಕರೆದವರನ್ನು ಕೇಳಿದರೆ ‘ಗ್ರೂಪ್‌ನಲ್ಲಿ ಹಾಕಿದ್ವಲ್ಲ ಸಾರ್’ ಎಂಬ ಉತ್ತರ ಬಂತು. ಹಾಕಿದ್ದು ನಿಜ. ಆ ಗ್ರೂಪ್‌ನಲ್ಲಿರುವ ಹೆಚ್ಚಿನವರ ಮನೆಯಲ್ಲಿ ಬೋರ್‌ವೆಲ್ ಇದೆ.