ಅಂಗಳದ ಕೋಳಿಗೆ ಅಜೋಲ: ಪ್ರಚಾರವೆಷ್ಟು, ಪ್ರಯೋಜನವೆಷ್ಟು?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಮೆಕ್ಕೆಜೋಳ ಬೆಳೆಯುವವರು ಇಲ್ಲವೆಂದೇ ಹೇಳಬಹುದು. ಆದರೂ ಮೆಕ್ಕೆಜೋಳದ ಸುದ್ದಿಯನ್ನು ನೀವು ಓದದೆ ಬಿಡುವಂತಿಲ್ಲ. ಅಂಗಡಿಯಿಂದ ತರುವ ಕೋಳಿ ಆಹಾರದ ಚೀಲದಲ್ಲಿ ಸುಮಾರು ಅರ್ಧ ಭಾಗ ಮೆಕ್ಕೆಜೋಳ, ಉಳಿದುದರಲ್ಲಿ ದೊಡ್ಡ ಪಾಲು ಸೋಯಾ ಹಿಂಡಿ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಏರಿತೆಂದು ಆ ವರ್ಷದ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರವು 12 ಲಕ್ಷ ಟನ್ ಹಿಂಡಿಯನ್ನು ಹೊರದೇಶದಿಂದ ತರಿಸಲು ಅನುಮತಿ ಕೊಡಬೇಕಾಯಿತು. 2024ರಲ್ಲಿ ಮೆಕ್ಕೆಜೋಳವು ಎಥನಾಲ್ ಕಾರ್ಖಾನೆಗಳ ಕಡೆಗೆ ಹೋಗತೊಡಗಿ, ಕೋಳಿ ಸಾಕಣೆಯವರು ಆಮದು ಬೇಕೆಂದು ಕೇಳಿದರು. 2025ರ ಕೊನೆಗೆ ನಮ್ಮ ರಾಜ್ಯದಲ್ಲೇ ಅದರ ಧಾರಣೆ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗಿಳಿದು, ಬೆಳೆದವರು ಬೀದಿಗಿಳಿದರು. ಧಾರಣೆ ಏರಿದರೂ ಇಳಿದರೂ ಅದು ಬೆಳೆದವರ ಕೈಯಲ್ಲೂ ಇಲ್ಲ, ನಾಲ್ಕು ಕೋಳಿ ಸಾಕುವ ನಮ್ಮ ತಾಯಂದಿರ ಕೈಯಲ್ಲೂ ಇಲ್ಲ.

ಬೆಲೆಯ ಜೊತೆಗೆ ಮತ್ತೊಂದು ಚಿಂತೆಯೂ ಉಂಟು. ಕೋಳಿಗಳ ಬೆಳವಣಿಗೆಗೆಂದು ಆಹಾರದಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು ಕೇಂದ್ರ ಸರಕಾರ 2019ರ ಜುಲೈಯಲ್ಲಿ ನಿಷೇಧಿಸಿತು. 2025ರ ಡಿಸೆಂಬರಿನಲ್ಲಿ ಮೊಟ್ಟೆಯ ವಿಷಯವಾಗಿ ಗುಲ್ಲೆದ್ದಾಗ, ಮೊಟ್ಟೆ ಸುರಕ್ಷಿತವೆಂದು ಆಹಾರ ಸುರಕ್ಷತಾ ಪ್ರಾಧಿಕಾರವು ಸ್ಪಷ್ಟಪಡಿಸಿತು. ಗುಲ್ಲು ತಣ್ಣಗಾದರೂ "ನಮ್ಮ ಕೋಳಿಗೆ ನಾವೇ ಬೆಳೆದದ್ದನ್ನು ಹಾಕಬಾರದೇ?" ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಉಳಿದಿದೆ. ಅದಕ್ಕೆ ಹೆಚ್ಚಿನವರು ಕೊಡುವ ಉತ್ತರ ಅಜೋಲ.

ಅಜೋಲ ಎಂದರೇನು?

ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ ಇದು. ಇದರ ಎಲೆಯೊಳಗೆ ವಾಸಿಸುವ ಒಂದು ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಆದುದರಿಂದಲೇ ಹಿಂದೆ ಭತ್ತದ ಗದ್ದೆಗೆ ಹಸಿರುಗೊಬ್ಬರವಾಗಿ ಇದನ್ನು ಶಿಫಾರಸು ಮಾಡಲಾಗುತ್ತಿತ್ತು. ನಮ್ಮಲ್ಲಿ ಎಷ್ಟೋ ಗದ್ದೆಗಳು ಈಗ ಅಡಿಕೆ ತೋಟಗಳಾಗಿವೆ. ಅಜೋಲ ಹಟ್ಟಿಗೂ ಕೋಳಿಗೂಡಿಗೂ ಬಂದಿದೆ. ಕೆರೆಗಳಲ್ಲಿ ಕಾಣುವ ಅಂತರಗಂಗೆಯೂ ನೀಲಿ ಹೂವಿನ ನೀರು ಹಯಸಿಂತ್ ಕಳೆಯೂ ಅಜೋಲ ಅಲ್ಲ. ಅವುಗಳಲ್ಲಿ ಬಾಯಿ ಕೆರೆಯುವ ಅಂಶವಿದ್ದು, ಕೋಳಿಗೆ ಹೇಳಿದ ಆಹಾರವಲ್ಲ.

ಲೆಕ್ಕ ನೋಡಿ ಹೆಜ್ಜೆ ಇಡಿ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಹಿಳಾ ಸಂಘವೊಂದರ ಸಭೆಯಲ್ಲಿ "ಅಜೋಲ ಬೆಳೆಸಿ, ಕೋಳಿ ಆಹಾರದ ಖರ್ಚು ಅರ್ಧಕ್ಕೆ ಇಳಿಯುತ್ತದೆ" ಎಂದು ನಾನು ಭಾಷಣ ಮಾಡಿದ್ದೆ. ಸಂಘದಿಂದ ಸಾಲ ತೆಗೆದು ಇಪ್ಪತ್ತು ಗಿರಿರಾಜ ಹೇಂಟೆಗಳನ್ನು ಕೊಂಡಿದ್ದ ಒಬ್ಬ ಅಕ್ಕ ಅದನ್ನು ನಂಬಿ, ಚೀಲ ತರುವುದನ್ನೇ ನಿಲ್ಲಿಸಿ ಅಜೋಲ ಮತ್ತು ತೌಡಿನ ಮೇಲೆ ಕೋಳಿಗಳನ್ನು ಸಾಕಿದರು. ಎರಡು ತಿಂಗಳೊಳಗೆ ಮೊಟ್ಟೆ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ನಾನು ಹೋದಾಗ ಅವರು ಬೈಯಲಿಲ್ಲ. "ಸಾರ್, ನೀವು ಹೇಳಿದ ಹಾಗೆಯೇ ಮಾಡಿದ್ದು" ಎಂದಷ್ಟೇ ಹೇಳಿದರು. ಅಂದು ಮನೆಗೆ ಬಂದು ನಾನು ಮೊದಲೇ ಮಾಡಬೇಕಾಗಿದ್ದ ಲೆಕ್ಕವನ್ನು ಮಾಡಿದೆ. ಅದನ್ನು ನೀವೂ ನೋಡಿ.

ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಗುಂಡಿಯಿಂದ ಒಳ್ಳೆಯ ಕಾಲದಲ್ಲಿ ದಿನಕ್ಕೆ ಸುಮಾರು ಅರ್ಧ ಕಿಲೋ ಹಸಿ ಅಜೋಲ ಸಿಗುತ್ತದೆ. ಅದರಲ್ಲಿ ನೂರಕ್ಕೆ 94 ಪಾಲು ನೀರು. ಉಳಿಯುವ ಒಣ ಅಂಶ 30 ಗ್ರಾಂ. ಅದರಲ್ಲಿ ಕಾಲು ಭಾಗ ಸಸಾರಜನಕ ಎಂದು ಹಿಡಿದರೂ ಏಳೆಂಟು ಗ್ರಾಂ ಆಯಿತು. ಚೆನ್ನಾಗಿ ಮೊಟ್ಟೆಯಿಡುವ ಒಂದು ಹೇಂಟೆಗೆ ದಿನಕ್ಕೆ ಬೇಕಾದ ಸಸಾರಜನಕ ಸುಮಾರು 17 ಗ್ರಾಂ. ಅಂದರೆ ಇಡೀ ಗುಂಡಿಯ ದಿನದ ಫಸಲು ಒಂದು ಕೋಳಿಯ ಅರ್ಧ ಅಗತ್ಯಕ್ಕೂ ಸಾಲದು! "ಕಾಲು ಭಾಗ ಸಸಾರಜನಕ" ಎಂಬ ಮಾತು ಸುಳ್ಳಲ್ಲ. ಅದು ಒಣಗಿಸಿದ ಅಜೋಲದ ಮಾತು ಎಂಬುದನ್ನು ಹೇಳುವವರು ಮರೆಯುತ್ತಾರೆ, ಕೇಳುವವರಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಅಜೋಲ ಬೇಡವೇ? ಬೇಕು, ಅನ್ನವಾಗಿ ಅಲ್ಲ, ಪಲ್ಯವಾಗಿ. ನಮ್ಮ ಊರಕೋಳಿ ಗುಡ್ಡ, ಹಟ್ಟಿ, ತೋಟ ಸುತ್ತಿ ಹುಳುಹುಪ್ಪಟೆ ತಿನ್ನುತ್ತದೆ. ಮನೆಯಲ್ಲಿ ಸಿಗುವುದು ನುಚ್ಚು ಮತ್ತು ತೌಡು. ಇವುಗಳಲ್ಲಿ ಕಡಮೆಯಿರುವ ಲೈಸಿನ್ ಎಂಬ ಸತ್ವವನ್ನೂ ಹಳದಿ ಲೋಳೆಗೆ ಬಣ್ಣ ಕೊಡುವ ಕೆರೋಟಿನಾಯ್ಡುಗಳನ್ನೂ ಅಜೋಲ ಸ್ವಲ್ಪ ಮಟ್ಟಿಗೆ ಒದಗಿಸುತ್ತದೆ. ಕೂಡಿಹಾಕಿ ಸಾಕುವ ಕೋಳಿಗಂತೂ ಹಸಿರು ಸಿಗುವ ದಾರಿ ಬೇರೆ ಇರುವುದಿಲ್ಲ.

ಗುಂಡಿ ಮಾಡುವ ವಿಧಾನ

ಅರೆನೆರಳಿನ ಸಮತಟ್ಟು ಜಾಗದಲ್ಲಿ ಮೇಲಿನ ಅಳತೆಯ, 20 ಸೆಂಟಿಮೀಟರ್ ಆಳದ ಗುಂಡಿ ತೆಗೆದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರಿ. ಜರಡಿ ಹಿಡಿದ 10-15 ಕಿಲೋ ಮಣ್ಣನ್ನು ಹರಡಿ, 2 ಕಿಲೋ ಸೆಗಣಿ ಮತ್ತು 30 ಗ್ರಾಂ ಸೂಪರ್ ಫಾಸ್ಫೇಟನ್ನು 10 ಲೀಟರ್ ನೀರಿನಲ್ಲಿ ಕದಡಿ ಹಾಕಿರಿ. 10 ಸೆಂಟಿಮೀಟರಿನಷ್ಟು ನೀರು ನಿಲ್ಲಿಸಿ, ಅರ್ಧದಿಂದ ಒಂದು ಕಿಲೋ ಬಿತ್ತನೆ ಅಜೋಲ ಬಿಡಿರಿ. ವಾರ, ಹತ್ತು ದಿನಗಳಲ್ಲಿ ಗುಂಡಿ ತುಂಬುತ್ತದೆ. ಐದು ದಿನಕ್ಕೊಮ್ಮೆ 20 ಗ್ರಾಂ ಸೂಪರ್ ಫಾಸ್ಫೇಟ್, ಒಂದು ಕಿಲೋ ಸೆಗಣಿ ಕೊಡತಕ್ಕದ್ದು. ನಮ್ಮ ಮುರಕಲ್ಲು ಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಇದನ್ನು ತಪ್ಪಿಸಿದರೆ ಅಜೋಲ ಕೆಂಪಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಹತ್ತು ದಿನಕ್ಕೊಮ್ಮೆ ಕಾಲು ಭಾಗ ನೀರು, ತಿಂಗಳಿಗೊಮ್ಮೆ 5 ಕಿಲೋ ಮಣ್ಣು ಬದಲಿಸಿರಿ. ತೆಗೆದ ಕೆಸರು ತೆಂಗು, ಬಾಳೆಯ ಬುಡಕ್ಕೆ ಒಳ್ಳೆಯದು. ಆಟಿ ತಿಂಗಳ ಮಳೆಗೆ ಗುಂಡಿ ತುಂಬಿ ಹರಿದು ಅಜೋಲ ತೋಡು ಸೇರದಂತೆ ಮೇಲೆ ಮಾಡು ಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಇಳುವರಿ ಕಡಮೆಯಾಗುವುದು ಸಹಜ.

ಮನೆಯಲ್ಲಿ ಬೆಳೆದದ್ದೆಲ್ಲ ಸುರಕ್ಷಿತವಲ್ಲ

ಇದು ಮುಖ್ಯ ವಿಷಯ. ನೀರಿನ ಗಿಡಗಳು ನೀರಿನಲ್ಲಿರುವ ಲೋಹಗಳನ್ನೂ ಹೀರಿಕೊಳ್ಳುತ್ತವೆ. ಅರೆನೆರಳು ಸಿಗುತ್ತದೆಂದು ಅನೇಕರು ಅಡಿಕೆ ತೋಟದೊಳಗೆ ಗುಂಡಿ ಮಾಡುತ್ತಾರೆ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಬಿಡುವ ಮೈಲುತುತ್ತು-ಸುಣ್ಣದ ದ್ರಾವಣ ಹನಿಹನಿಯಾಗಿ ಅದೇ ಗುಂಡಿಗೆ ಬೀಳುತ್ತದೆ. ತಾಮ್ರ ಅಜೋಲಕ್ಕೂ ಕೇಡು, ಅದನ್ನು ತಿನ್ನುವ ಕೋಳಿಗೂ ಒಳ್ಳೆಯದಲ್ಲ. ಗುಂಡಿ ತೋಟದಿಂದ ಹೊರಗಿರಲಿ. ತೋಟದ ಕಣಿಯ ನೀರನ್ನಾಗಲಿ, ಪೇಟೆಯ ಚರಂಡಿ ಸೇರುವ ಕೆರೆಯ ನೀರನ್ನಾಗಲಿ ಬಳಸಬಾರದು. ಬಾವಿ ನೀರು ಉತ್ತಮ.

ಸಿಂಪಡಿಸಿದ ಮದ್ದು ಸಿಂಪಡಿಸಿದಲ್ಲೇ ನಿಲ್ಲುವುದಿಲ್ಲ ಎಂಬ ಪಾಠವನ್ನು ಈ ನೆಲ ಒಮ್ಮೆ ಕಲಿತಾಗಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರು ತೋಟಗಳ ಮೇಲೆ 1980ರ ದಶಕದಿಂದ 2000ದ ಸುಮಾರಿನವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಅಷ್ಟರೊಳಗೆ ಎಷ್ಟು ಮನೆಗಳ ಮಕ್ಕಳು ಬೆಲೆ ತೆತ್ತರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಗುಂಡಿಗೆ ಬಲೆ ಹೊದಿಸಿರಿ. ನೀರುಹಕ್ಕಿಗಳ ಹಿಕ್ಕೆಯಿಂದ ಹಕ್ಕಿಜ್ವರ ಬರಬಹುದು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಆ ರೋಗ ಕಾಣಿಸಿಕೊಂಡಿತ್ತು. ಸೊಳ್ಳೆಮರಿಗಳಿಗೂ ಸೊಳ್ಳೆಬಲೆಯೇ ಮದ್ದು. ಇಲಿ ಓಡಾಡುವ ಜಾಗವಾದರೆ ಕೈಗೆ ಗಾಯವಿದ್ದಾಗ ಬರಿಗೈ ಹಾಕಬೇಡಿ, ಇಲಿಜ್ವರದ ಭಯವುಂಟು.

ಕೊಡುವ ಕ್ರಮ

ತೆಗೆದ ಅಜೋಲವನ್ನು ಎರಡು ಮೂರು ನೀರಿನಲ್ಲಿ ಸೆಗಣಿಯ ವಾಸನೆ ಹೋಗುವಂತೆ ತೊಳೆದು, ನೀರು ಬಸಿದು, ತೌಡಿನಲ್ಲಿ ಕಲಸಿ ಕೊಡಿರಿ. ದೊಡ್ಡ ಕೋಳಿಗೆ ಮೊದಲು ಒಂದು ಚಿಟಿಕೆ, ಅಭ್ಯಾಸವಾದ ಮೇಲೆ ದಿನಕ್ಕೆ 50 ಗ್ರಾಂ ಹಸಿ ಅಜೋಲ ಸಾಕು. ಅರ್ಧ ಕಿಲೋ ಹತ್ತು ಕೋಳಿಗಾಯಿತು. ಎಳೆ ಮರಿಗಳಿಗೆ ಬೇಡ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಮರುವಾಯಿ ಚಿಪ್ಪನ್ನು ಕುಟ್ಟಿ ಬೇರೆ ಪಾತ್ರೆಯಲ್ಲಿಡಿ.

ಹತ್ತು ಊರಕೋಳಿ ಇರುವ ಮನೆಗೆ ಒಂದು ಗುಂಡಿ ಖಂಡಿತ ಉಪಯುಕ್ತ. ಸೆಗಣಿ ಮನೆಯದು, ಶ್ರಮ ದಿನಕ್ಕೆ ಕಾಲು ಗಂಟೆ. ಆದರೆ ಮೊಟ್ಟೆ ಮಾರಿ ಕಂತು ಕಟ್ಟಬೇಕೆಂದು ಸಾಲದಲ್ಲಿ ಕೋಳಿ ತಂದವರು ಸಮತೋಲ ಆಹಾರವನ್ನು ನಿಲ್ಲಿಸಲೇಬಾರದು. ಯಾರಾದರೂ, ನನ್ನಂತಹ ಅಧಿಕಾರಿಯೇ ಆದರೂ ಸರಿ, ನಿಮ್ಮೂರಿಗೆ ಬಂದು ಖರ್ಚು ಅರ್ಧ ಉಳಿಯುತ್ತದೆಂದರೆ, "ಹಸಿ ತೂಕದ ಲೆಕ್ಕವೋ, ಒಣ ತೂಕದ ಲೆಕ್ಕವೋ?" ಎಂದು ಎದ್ದು ನಿಂತು ಕೇಳಿರಿ. ಆ ಅಕ್ಕ ಈಗಲೂ ಎಂಟು ಊರಕೋಳಿ ಸಾಕುತ್ತಿದ್ದಾರೆ. ಗುಂಡಿಯೂ ಉಂಟು, ನುಚ್ಚಿನ ಡಬ್ಬವೂ ಉಂಟು.