ಹಸಿ ಅಕ್ಕಿ ಮತ್ತು ಮುಗಿಯದ ಸುಸ್ತು

ನಮ್ಮ ಚಿಕ್ಕಮ್ಮ ಅಕ್ಕಿ ಕೇರಲು ಕೂತರೆ ಮೊರದಿಂದ ಚಿಟಿಕೆ ಚಿಟಿಕೆಯಾಗಿ ಅಕ್ಕಿ ಬಾಯಿಗೆ ಹೋಗುತ್ತಿತ್ತು. ಕಲ್ಲು ಆರಿಸುತ್ತಾ, ಕಟಕಟ ಅಗಿಯುತ್ತಾ, ಅಡುಗೆಗೆಂದು ಅಳೆದಿಟ್ಟ ಪಾವಿನಲ್ಲಿ ಒಂದು ಹಿಡಿ ಹೀಗೇ ಖಾಲಿಯಾಗುವುದು. ಹಸಿ ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆ ಎಂದು ಅಜ್ಜಿ ಮಕ್ಕಳಾದ ನಮ್ಮನ್ನು ಗದರುತ್ತಿದ್ದರು. ಚಿಕ್ಕಮ್ಮನಿಗೆ ಮದುವೆಯಾಗಿ ಇಪ್ಪತ್ತು ವರ್ಷ ಕಳೆದಿತ್ತು. ಅವರನ್ನು ಯಾರೂ ಗದರಲಿಲ್ಲ. ಅದೊಂದು ಚಾಳಿ ಎಂದು ಮನೆಯವರೆಲ್ಲ ಸುಮ್ಮನಾಗಿದ್ದೆವು. ಅವರ ಸುಸ್ತಿನ ವಿಷಯದಲ್ಲೂ ಹಾಗೆಯೇ ಸುಮ್ಮನಾಗಿದ್ದೆವು. "ಯಾಕೋ ಕೈಕಾಲೇ ಬರಲ್ಲ ಕಣೇ" ಎಂಬ ಮಾತು ದಿನಕ್ಕೆ ಎಷ್ಟು ಸಲ ಬರುತ್ತಿತ್ತೆಂದರೆ, ಗೋಡೆ ಗಡಿಯಾರದ ಸದ್ದಿನಂತೆ ಅದು ನಮ್ಮ ಕಿವಿಗೆ ಬೀಳುವುದೇ ನಿಂತುಹೋಗಿತ್ತು.

ದೇವಸ್ಥಾನದ ಮೆಟ್ಟಿಲು ಹತ್ತುವಾಗ ಒಮ್ಮೆ ಎದೆ ಹಿಡಿದುಕೊಂಡು ಕುಸಿದು ಕೂತರು. ಆಮೇಲೆ ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 6.4 ಗ್ರಾಂ. ಗರ್ಭಿಣಿಯಲ್ಲದ ವಯಸ್ಕ ಹೆಣ್ಣಿಗೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಇರಬೇಕು. 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ವರದಿ ನೋಡಿದ ವೈದ್ಯೆ ಮೊದಲು ಕೇಳಿದ್ದು, "ಅಕ್ಕಿ, ಬಳಪ, ಮಣ್ಣು ಏನಾದ್ರೂ ತಿನ್ಬೇಕು ಅನ್ಸುತ್ತಾ?" ಎಂದು. ದೇಹದಲ್ಲಿ ಕಬ್ಬಿಣದ ಅಂಶ ಬರಿದಾದಾಗ ಆಹಾರವಲ್ಲದ ವಸ್ತುಗಳ ಮೇಲೆ, ಹಸಿ ಅಕ್ಕಿಯ ಮೇಲೆ, ಐಸ್ ತುಂಡಿನ ಮೇಲೆ ತಡೆಯಲಾರದ ಆಸೆ ಹುಟ್ಟುತ್ತದೆ. ವೈದ್ಯಕೀಯ ಪಠ್ಯದಲ್ಲಿ ಇದು ಹಳೆಯ ಸಂಗತಿ. ನಮ್ಮ ಮನೆಯಲ್ಲಿ ವರ್ಷಾನುಗಟ್ಟಲೆ ಎಲ್ಲರ ಕಣ್ಣೆದುರೇ ಇದ್ದ ಲಕ್ಷಣವದು.

ವೈದ್ಯೆಯ ಎರಡನೇ ಪ್ರಶ್ನೆ ಮುಟ್ಟಿನ ಬಗ್ಗೆ. ಆರು ವರ್ಷಗಳಿಂದ ಪ್ರತಿ ತಿಂಗಳೂ ಎಂಟು–ಹತ್ತು ದಿನ ವಿಪರೀತ ಸ್ರಾವ. ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ಅದಕ್ಕೂ ಮುಂಚಿನ ಮೂರು ವರ್ಷ ಊರ ಹತ್ತಿರದ ಕ್ಲಿನಿಕ್‌ನಲ್ಲಿ ಅವರಿಗೆ ಸಿಗುತ್ತಿದ್ದ ಚಿಕಿತ್ಸೆ, ಸುಸ್ತು ಎಂದಾಗಲೆಲ್ಲ ಒಂದು ಬಾಟಲಿ ಗ್ಲೂಕೋಸ್ ಮತ್ತು ಒಂದು ಶಕ್ತಿ ಇಂಜೆಕ್ಷನ್. ಸಾಮಾನ್ಯವಾಗಿ ಏರಿಸುವ ಅರ್ಧ ಲೀಟರ್‌ನ ಶೇ 5ರ ಗ್ಲೂಕೋಸ್ ದ್ರಾವಣದಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಒಂದು ಲೋಟ ಪಾನಕದಲ್ಲೂ ಅಷ್ಟಿರುತ್ತದೆ. ಬಾಟಲಿ ಏರಿಸಿಕೊಂಡ ದಿನ ಹಾಯೆನಿಸಲು ಇನ್ನೊಂದು ಕಾರಣವಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಅದು ಖಾಲಿಯಾಗುವವರೆಗೆ ಎರಡು ಗಂಟೆ ಅವರು ಮಲಗಿರುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಅವರಿಗೆ ಕೆಲಸ ಹೇಳುತ್ತಿರಲಿಲ್ಲ.

ಇದು ಒಂದು ಮನೆಯ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇ 25. ಕರ್ನಾಟಕದ ಮಹಿಳೆಯರ ಅಂಕಿ ಶೇ 47.8, ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 44.8 ಇತ್ತು. ಕಡಿಮೆಯಾಗಬೇಕಿದ್ದುದು ಹೆಚ್ಚಿದೆ. ಬೆರಳ ತುದಿಯಿಂದ ಹನಿ ರಕ್ತ ತೆಗೆದು ಅಳೆಯುವ ಕ್ರಮದಿಂದ ಅಂಕಿ ಉಬ್ಬುತ್ತದೆ ಎಂಬ ತಜ್ಞರ ಆಕ್ಷೇಪವೂ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಅಂಕಿಯನ್ನು ಎಷ್ಟೇ ತಗ್ಗಿಸಿಕೊಂಡರೂ, ನಮ್ಮ ಬೀದಿಯ ಹಲವು ಅಡುಗೆಮನೆಗಳಲ್ಲಿ ರಕ್ತ ಸಾಲದೇ ಏದುಸಿರು ಬಿಡುತ್ತಾ ಮುದ್ದೆ ತೊಳಸುವ ಹೆಂಗಸರಿದ್ದಾರೆ ಎಂಬುದು ಸುಳ್ಳಾಗುವುದಿಲ್ಲ.

ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. 2018ರಲ್ಲಿ ಅದಕ್ಕೆ 'ಅನೀಮಿಯಾ ಮುಕ್ತ ಭಾರತ' ಎಂಬ ಹೊಸ ರೂಪ ಬಂತು. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ. ಕರ್ನಾಟಕ 2017ರ ಅಕ್ಟೋಬರ್‌ನಲ್ಲಿ 'ಮಾತೃಪೂರ್ಣ' ಯೋಜನೆ ತಂದು, ಗರ್ಭಿಣಿ–ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಲು ಹೊರಟಿತು. ನನ್ನ ಮಟ್ಟಿಗೆ ಅದು ಒಳ್ಳೆಯ ಯೋಚನೆ. ಮನೆಗೆ ಕೊಟ್ಟ ಮೊಟ್ಟೆ ಯಾರ ತಟ್ಟೆ ಸೇರುತ್ತದೆಂದು ಎಲ್ಲರಿಗೂ ಗೊತ್ತು. ಮಾತ್ರೆಯ ಪಟ್ಟಿಯಂತೂ ಆಶಾ ಕಾರ್ಯಕರ್ತೆಯ ಕೈಯಿಂದ ಬಂದು ಗೂಡಿನಲ್ಲಿ ದೇವರ ಪಟದ ಹಿಂದೆ ಕೂರುತ್ತದೆ. ನುಂಗಿದರೆ ವಾಕರಿಕೆ, ಮಲಬದ್ಧತೆ, ಮಲ ಕಪ್ಪಗಾಗುವುದು. ಜೊತೆಗೆ ಮಗು ಕಪ್ಪಗೆ ಹುಟ್ಟುತ್ತದೆ, ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯ. ಮಲ ಕಪ್ಪಾಗುವುದು ಮಾತ್ರೆಯಿಂದಲೇ, ಅದರಿಂದ ತೊಂದರೆಯಿಲ್ಲ ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಎಷ್ಟೋ ಪಟ್ಟಿಗಳು ಖಾಲಿಯಾಗುತ್ತಿದ್ದವು. ಹೇಳಲು ಐದು ನಿಮಿಷ ಬೇಕು. ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಗೆ ಆ ಐದು ನಿಮಿಷವನ್ನು ನಮ್ಮ ವ್ಯವಸ್ಥೆ ಕೊಟ್ಟಿಲ್ಲ. ಅವಳೂ ಸುಸ್ತಾದವಳೇ.

ಪಡಿತರ ಅಂಗಡಿಯ ಸಾರವರ್ಧಿತ ಅಕ್ಕಿಯ ಪಾಡೂ ಹೀಗೆಯೇ ಆಗಿದೆ. ನೂರು ಕಿಲೋ ಅಕ್ಕಿಗೆ ಒಂದು ಕಿಲೋದಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ತಯಾರಿಸಿದ ಕಾಳುಗಳನ್ನು ಸೇರಿಸುತ್ತಾರೆ. ಅದರಿಂದ ಎಷ್ಟು ಪ್ರಯೋಜನ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಭಿನ್ನಮತವಿದೆ. ಆದರೆ ಆ ಚರ್ಚೆಗೂ ಮೊದಲು, ಬಣ್ಣ ಒಂಚೂರು ಬೇರೆಯಾಗಿ ಕಾಣುವ ಆ ಕಾಳುಗಳನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದುಕೊಂಡು ಹೆಂಗಸರು ಕಲ್ಲಿನ ಜೊತೆ ಆರಿಸಿ ಎಸೆಯುತ್ತಿದ್ದಾರೆ. ಚಿಕ್ಕಮ್ಮ ಹಾಗೆ ಎಸೆಯುವುದನ್ನು ನಾನೇ ಕಂಡಿದ್ದೇನೆ. ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ, ಕಬ್ಬಿಣದ ಕಾಳನ್ನು ಹೆಕ್ಕಿ ಹೊರಗೆ ಬಿಸಾಡುತ್ತಿದ್ದರು. ಒಂದೇ ಮೊರದಲ್ಲಿ ಕಾಯಿಲೆಯ ಲಕ್ಷಣವೂ ಇತ್ತು, ಔಷಧದ ಚೂರೂ ಇತ್ತು. ಹೇಳುವವರು ಇರಲಿಲ್ಲ.

ಊಟದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಐಸಿಎಂಆರ್‌ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದಂತೆ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸಿಗೆ 19. ಮುಟ್ಟಿನಲ್ಲಿ ಹೋಗುವ ರಕ್ತವೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಹೆಚ್ಚು ಬೇಕಾದವಳು ಕೊನೆಯಲ್ಲಿ ಉಣ್ಣುತ್ತಾಳೆ. ಸಾರಿನ ತಳದ ಕಾಳು, ಸೊಪ್ಪು ಅಷ್ಟರಲ್ಲಿ ಮುಗಿದಿರುತ್ತದೆ. ಬಾಡೂಟದ ದಿನ ಲಿವರ್ ತುಂಡು ಮಕ್ಕಳಿಗೆ ಹೋಗಿರುತ್ತದೆ. ರಕ್ತ ಹೆಚ್ಚಲಿ ಎಂದು ಬೀಟ್‌ರೂಟ್, ದಾಳಿಂಬೆ ತಂದುಕೊಡುವವರು ಪ್ರೀತಿಯಿಂದಲೇ ತರುತ್ತಾರೆ. ಆದರೆ ಕೆಂಪು ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. ನೂರು ಗ್ರಾಂ ಬೀಟ್‌ರೂಟ್‌ನಲ್ಲಿ 1 ಮಿಲಿಗ್ರಾಂ ಕೂಡ ಇರುವುದಿಲ್ಲ, ಅಷ್ಟೇ ತೂಕದ ಹುರುಳಿಕಾಳಿನಲ್ಲಿ 8 ಮಿಲಿಗ್ರಾಂಗೂ ಹೆಚ್ಚಿರುತ್ತದೆ. ಮೊಳಕೆ ಕಟ್ಟಿದರೆ ಕಬ್ಬಿಣವನ್ನು ಹಿಡಿದಿಡುವ ಅಂಶ ಕಡಿಮೆಯಾಗುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಮೈಗೆ ಇನ್ನಷ್ಟು ಹತ್ತುತ್ತದೆ. ಊಟದ ಜೊತೆಗೋ, ಊಟವಾದ ತಕ್ಷಣವೋ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತದೆ. ಒಂದೆರಡು ಗಂಟೆ ಬಿಟ್ಟು ಕುಡಿದರೆ ಸಾಕು. ಬಸ್ಸಾರು, ಹುರುಳಿ ಸಾರು, ಮೊಳಕೆ ಕಾಳಿನ ಉಸಲಿ ಇರುವ ನಾಡಿನಲ್ಲಿ ಇದು ಹೊಸ ಪಾಠವೇನೂ ಅಲ್ಲ. ಆದರೆ ಹಿಮೋಗ್ಲೋಬಿನ್ 6ಕ್ಕೋ 8ಕ್ಕೋ ಇಳಿದ ಮೇಲೆ ಊಟವೊಂದನ್ನೇ ನೆಚ್ಚಿ ಕೂರಬಾರದು. ಮಾತ್ರೆ ಬೇಕು, ಕೆಲವರಿಗೆ ರಕ್ತನಾಳದ ಮೂಲಕವೇ ಕಬ್ಬಿಣ ಕೊಡಬೇಕಾಗುತ್ತದೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಿದರೆ ದೇಹದ ದಾಸ್ತಾನು ತುಂಬುತ್ತದೆ. ಸ್ವಲ್ಪ ಹುರುಪು ಬಂದ ಕೂಡಲೇ ಮಾತ್ರೆ ನಿಲ್ಲಿಸುವವರು ಮತ್ತೆ ಹಳೆಯ ಸ್ಥಿತಿಗೆ ಬರಬಹುದು.

ಸುಸ್ತಿಗೆಲ್ಲ ರಕ್ತಹೀನತೆಯೇ ಕಾರಣ ಎಂದುಕೊಂಡರೆ ಮತ್ತೊಂದು ತಪ್ಪಾಗುತ್ತದೆ. ರಕ್ತಹೀನತೆಗೂ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರು ಬಿಟ್ಟರೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿಯೂ ಅದು ಕುಸಿಯಬಹುದು. ಪಾದ ಜೋಮು ಹಿಡಿಯುವುದು, ನಾಲಿಗೆ ಉರಿಯುವುದು ಅದರ ಸುಳಿವು. ಮೈ ಭಾರ, ಚಳಿ ತಡೆಯದಿರುವುದು, ಕೂದಲು ಉದುರುವುದು, ಮಲಬದ್ಧತೆ ಜೊತೆಗಿದ್ದರೆ ಥೈರಾಯ್ಡ್ ನೋಡಿಸಬೇಕು. ಥೈರಾಯ್ಡ್ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ; ನಡುವೆ ನಾಲ್ಕು ಗಂಟೆ ಅಂತರ ಬೇಕು. ಇದನ್ನು ಹೇಳದೆಯೇ ಎರಡನ್ನೂ ಬರೆದುಕೊಟ್ಟ ಚೀಟಿಗಳನ್ನು ನಾನು ನೋಡಿದ್ದೇನೆ. ಸಂಜೆ ಜ್ವರ, ತೂಕ ಇಳಿಕೆ, ಎರಡು ವಾರ ದಾಟಿದ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ತಡ ಮಾಡುವಂತಿಲ್ಲ. ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವ ಗಂಡಸಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು.

ಮನಸ್ಸಿನ ಬಳಲಿಕೆ ನಮ್ಮಲ್ಲಿ ಸುಸ್ತು ಎಂಬ ಹೆಸರಿನಲ್ಲೇ ಬರುತ್ತದೆ. "ಬೇಜಾರು" ಎಂದರೆ ಕೇಳುವವರಿಲ್ಲ, "ಸುಸ್ತು" ಎಂದರೆ ಆಸ್ಪತ್ರೆಗಾದರೂ ಕರೆದುಕೊಂಡು ಹೋಗುತ್ತಾರೆ. ಬೆಳಗ್ಗೆ ಏಳುವಾಗಲೇ ದಣಿವು, ಇಷ್ಟದ ಕೆಲಸವೂ ಬೇಡವೆನಿಸುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಇವೆಲ್ಲ ಎರಡು ವಾರ ಮೀರಿದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆಗಳೆಲ್ಲ ಸರಿಯಿದ್ದೂ ಸುಸ್ತು ಹೋಗದವರ ಪಾಡು ಇನ್ನೂ ಕಷ್ಟದ್ದು. 2006ರ ಚಿಕೂನ್‌ಗುನ್ಯ ಕಾಲದಲ್ಲಿ ಜ್ವರ ಬಿಟ್ಟ ತಿಂಗಳುಗಳ ನಂತರವೂ ಗಂಟು ಹಿಡಿದು ಕೂತವರನ್ನು ಹಳ್ಳಿಗಳಲ್ಲಿ ಕಂಡಿದ್ದೇವೆ, ಕೋವಿಡ್ ನಂತರ ನಗರಗಳಲ್ಲೂ ಕಂಡೆವು. ಸ್ವಲ್ಪ ಶ್ರಮ ಪಟ್ಟರೂ ಮರುದಿನ ಎದ್ದೇಳಲಾಗದಂಥ ದಣಿವು ತಿಂಗಳುಗಟ್ಟಲೆ ಉಳಿದರೆ ಅದನ್ನು ದೀರ್ಘಕಾಲದ ದಣಿವಿನ ಕಾಯಿಲೆ ಎಂದು ವೈದ್ಯಲೋಕ ಒಪ್ಪಿಕೊಂಡಿದೆ. ಅಂಥವರಿಗೆ "ವ್ಯಾಯಾಮ ಹೆಚ್ಚಿಸುತ್ತಾ ಹೋಗಿ" ಎನ್ನುವ ಹಳೆಯ ಸಲಹೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿತು. ಇರುವ ಶಕ್ತಿಯನ್ನು ಅಳೆದು ಖರ್ಚು ಮಾಡುವುದು, ನಡುನಡುವೆ ನಿಲ್ಲುವುದು ಈಗಿನ ಸಲಹೆ. "ನಾಟಕ" ಎನ್ನುವ ಮನೆಯಲ್ಲಿ ಅದು ಸಾಧ್ಯವಾಗುವುದಿಲ್ಲ.

ಯಾವ ಪ್ರಯೋಗಾಲಯವೂ ತೋರಿಸದ ಕಾರಣ ಇನ್ನೊಂದಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸು ಅದರಲ್ಲಿ ದಿನಕ್ಕೆ 289 ನಿಮಿಷ ಕಳೆಯುತ್ತಾಳೆ, ಮನೆಗೆಲಸ ಮಾಡುವ ಗಂಡಸು 88 ನಿಮಿಷ. ಹೊಲದ ಕೂಲಿ, ಗಾರ್ಮೆಂಟ್ಸ್ ಪಾಳಿ, ಕಚೇರಿ ಇದರ ಹೊರಗೆ. ಪೀಣ್ಯ, ಬೊಮ್ಮನಹಳ್ಳಿಯ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳು ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ, ತಿಂಡಿ ಬಿಟ್ಟು ಬಸ್ಸು ಹಿಡಿಯುತ್ತಾರೆ. ಪದೇ ಪದೇ ಶೌಚಾಲಯಕ್ಕೆ ಏಳಬೇಕಾದೀತೆಂದು ನೀರೂ ಕುಡಿಯುವುದಿಲ್ಲ. ಈ ಸುಸ್ತಿಗೆ ಟಾನಿಕ್ ಬರೆದುಕೊಡುವ ವೈದ್ಯರನ್ನು ನಾನು ದೂರುವುದಿಲ್ಲ, ಅವರ ಬಳಿ ಬೇರೆ ಔಷಧವಿಲ್ಲ. ಔಷಧ ಗಂಡನ ಕೈಯಲ್ಲಿದೆ, ಮಗನ ಕೈಯಲ್ಲಿದೆ, ಉತ್ಪಾದನೆಯ ಗುರಿ ನಿಗದಿ ಮಾಡುವ ಮೇಲ್ವಿಚಾರಕರ ಕೈಯಲ್ಲಿದೆ.

ಸರ್ಕಾರಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಸುಸ್ತು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಪ್ರತಿ ಹೆಂಗಸಿಗೂ ಅವತ್ತೇ ಹಿಮೋಗ್ಲೋಬಿನ್ ನೋಡಬೇಕು, ಮುಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳಬೇಕು, ತಿಂಗಳ ನಂತರ ಮತ್ತೆ ಕರೆದು ಅಳೆಯಬೇಕು. ಈಗಿನ ವ್ಯವಸ್ಥೆ ಗರ್ಭಿಣಿಯನ್ನು ಗಮನಿಸುತ್ತದೆ, ಹೆರಿಗೆಯಾದ ಮೇಲೆ ಮರೆತುಬಿಡುತ್ತದೆ. ನಲವತ್ತು ದಾಟಿದ, ಮಕ್ಕಳು ಬೆಳೆದ, ತಿಂಗಳಿಗೆ ಹತ್ತು ದಿನ ಸ್ರಾವವಾಗುವ ಚಿಕ್ಕಮ್ಮನಂಥವರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ತಾಲ್ಲೂಕು ಆಸ್ಪತ್ರೆಗೆ ಬಸ್ಸಿನ ಖರ್ಚಿಲ್ಲ. ಆದರೆ ರಕ್ತ ಕೊಡಲು ಒಂದು ದಿನ, ವರದಿ ತರಲು ಇನ್ನೊಂದು ದಿನ ಎಂದರೆ ಎರಡು ದಿನದ ಕೂಲಿ ಹೋಗುತ್ತದೆ. ಬಂದ ದಿನವೇ ವರದಿ ಕೈಗೆ ಸಿಗುವಂತಾದರೆ ಅದೇ ದೊಡ್ಡ ಉಪಕಾರ.

ಚಿಕ್ಕಮ್ಮನಿಗೆ ಕಬ್ಬಿಣದ ಚಿಕಿತ್ಸೆ ಶುರುವಾಗಿ ಮೂರನೇ ವಾರದಲ್ಲಿ ಅಕ್ಕಿಯ ಮೇಲಿನ ಆಸೆ ಹೋಯಿತು. "ಈಗ ಬಾಯಿಗೆ ಹಾಕ್ಕೊಂಡ್ರೆ ಮಣ್ಣು ಮಣ್ಣು ಅನ್ಸುತ್ತೆ ಕಣೇ" ಎಂದು ತಾವೇ ಅಚ್ಚರಿಯಿಂದ ಹೇಳಿದರು. ಗಡ್ಡೆಗೆ ಚಿಕಿತ್ಸೆಯಾಯಿತು, ಐದಾರು ತಿಂಗಳಲ್ಲಿ ಹಿಮೋಗ್ಲೋಬಿನ್ 12 ಮುಟ್ಟಿತು. ಚಿಕ್ಕಪ್ಪ ಈಗ ಬೆಳಗಿನ ಕಾಫಿ ತಾವೇ ಮಾಡಿಕೊಳ್ಳುತ್ತಾರೆ. ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಸೊಸೆಯ ಬಟ್ಟೆ ಮಡಚುವಾಗ ಸೀರೆಗಳ ನಡುವೆ ಒಂದು ಡಬ್ಬಿ ಬಳಪ ಸಿಕ್ಕಿತಂತೆ, ಅರ್ಧ ಖಾಲಿಯಾಗಿತ್ತಂತೆ. "ಬೈಲಿಲ್ಲ ಕಣೇ. ನಾಳೆ ಬೆಳಿಗ್ಗೆ ನಾನೇ ಕರ್ಕೊಂಡ್ ಹೋಗ್ತೀನಿ. ಏನೇನ್ ಟೆಸ್ಟ್ ಮಾಡಿಸ್ಬೇಕು, ಒಂದು ಚೀಟೀಲಿ ಬರ್ದು ಫೋಟೊ ಕಳ್ಸು."